ಕಪ್ಪಾಗಬಾರದ ಪರದೆ

ಸ್ಕ್ರೀನ್ ಸೇವರ್ ಅಂದರೆ ಏನು ಅಂತ ಈಗ ಕಂಪ್ಯೂಟರ್ ಸರ್ವಿಸ್ ಕೆಲಸಕ್ಕೆ ಸೇರುವ ಮಕ್ಕಳನ್ನು ಕೇಳಿ ನೋಡಿ. "ಅದಾ ಮೇಡಂ, ಸುಮ್ನೆ ಇದ್ದಾಗ ಬರೋ ಚಿತ್ರ" ಅಂತಾರೆ. ಚಿತ್ರವಂತೆ, ಚಿತ್ರ! ಆ ಚಿತ್ರದ ಹಿಂದೆ ಮುಂದೆ ಓಡಾಡಿಯೇ ನನ್ನ ಸರ್ವಿಸಿನ ಅರ್ಧ ಕಾಲ ಕಳೆಯಿತು. ಅದನ್ನು ತೆಗೆಸಿ ಹಾಕಿದ್ದಕ್ಕೆ ಒಬ್ಬ ಅಡುಗೆಯವನ ಒಲೆಯೇ ಕೈತಪ್ಪುವುದರಲ್ಲಿತ್ತು. ಆ ಕಥೆ ಹೇಳಬೇಕು ಅಂತಲೇ ಕೂತಿದ್ದೇನೆ, ಆದರೆ ನೇರವಾಗಿ ಅಲ್ಲಿಗೇ ಹಾರಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನಾನು ಚೆನ್ನೈಯಲ್ಲಿ ಒಂದು ಕಂಪ್ಯೂಟರ್ ರಿಪೇರಿ ಕಂಪನಿಯಲ್ಲಿದ್ದೆ. ಸರ್ವಿಸ್ ಎಂಜಿನಿಯರ್ ಅನ್ನುವುದು ಹೆಸರಿಗೆ. ಓದಿದ್ದು ಪಾಲಿಟೆಕ್ನಿಕ್ಕು, ಹೆಗಲಲ್ಲಿ ಸ್ಕ್ರೂಡ್ರೈವರ್ ಚೀಲ, ಕೈಯಲ್ಲಿ ಬಸ್ ಪಾಸು. ಹೆಂಗಸು ಬಂದಳು ಅಂತ ನೋಡಿ "ಎಂಜಿನಿಯರ್ ಯಾವಾಗ ಬರ್ತಾರೆ?" ಅಂತ ಕೇಳಿದವರಿಗೆ ಲೆಕ್ಕವಿಲ್ಲ. "ಬಂದಾಯ್ತು, ನೀರು ಕೊಡಿ" ಅನ್ನುತ್ತಿದ್ದೆ. ನಮ್ಮ ಮನೆಯವರು ತಾತನ ಕಾಲದಿಂದ ಟ್ರಿಪ್ಲಿಕೇನಿನವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡರ ನಡುವೆ ಗೋಡೆ ಯಾವತ್ತೋ ಬಿದ್ದುಹೋಗಿದೆ. ಪ್ರಮೋಷನ್ ಗಿಮೋಷನ್ ವಿಷಯ ನಾನು ಬರೆಯುವುದಿಲ್ಲ, ಯಾರಿಗೆ ಬೇಕು ಅದು?

ತೊಂಬತ್ತರ ದಶಕದ ಕೊನೆಯ ಮಾನಿಟರುಗಳನ್ನು ನೀವು ನೋಡಿರಲಿಕ್ಕಿಲ್ಲ. ಹಳೇ ಟೀವಿ ಪೆಟ್ಟಿಗೆ ಹಾಗೆ ದೊಡ್ಡ ಹೊಟ್ಟೆ, ಎತ್ತಿದರೆ ಸೊಂಟ ಹಿಡಿಯುತ್ತಿತ್ತು. ಗಾಜಿನ ಒಳಮೈಗೆ ಒಂದು ಪುಡಿ ಬಳಿದಿರುತ್ತಾರೆ. ಹಿಂದಿನಿಂದ ಕಿರಣ ಬಿದ್ದರೆ ಆ ಪುಡಿ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಒಂದೇ ಚಿತ್ರವನ್ನು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲಿಸಿಬಿಟ್ಟರೆ, ಬೆಳ್ಳಗಿದ್ದ ಜಾಗದ ಪುಡಿ ಸವೆದು ಮಂಕಾಗುತ್ತದೆ, ಕಪ್ಪಗಿದ್ದ ಜಾಗ ಮಾತ್ರ ಹೊಸದರ ಹಾಗೆ ಉಳಿಯುತ್ತದೆ. ಆಮೇಲೆ ಅದರಲ್ಲಿ ಏನು ತೋರಿಸಿದರೂ ಹಳೆಯ ಚಿತ್ರದ ಅಚ್ಚು ಅಡಿಯಲ್ಲಿ ಇದ್ದೇ ಇರುತ್ತದೆ. ಇದಕ್ಕೆ ನಾವು ಪರದೆ ಸುಟ್ಟಿದೆ ಅನ್ನುತ್ತಿದ್ದೆವು. ಸುಟ್ಟ ಪರದೆಗೆ ರಿಪೇರಿ ಇಲ್ಲ. ಹಾಗಾಗದಿರಲಿ ಅಂತ, ಯಾರೂ ಕೀಲಿಮಣೆ ಮುಟ್ಟದಿದ್ದಾಗ ಪರದೆಯನ್ನು ಕಪ್ಪು ಮಾಡುವುದಕ್ಕೋ, ಓಡಾಡುವ ಚಿತ್ರ ಹಾಕುವುದಕ್ಕೋ ಹುಟ್ಟಿದ್ದು ಈ ಸ್ಕ್ರೀನ್ ಸೇವರ್. ಅಷ್ಟೇ ಅದರ ಕೆಲಸ. ಬಾಕಿಯೆಲ್ಲ ಜನ ಸೇರಿಸಿದ್ದು.

ಜನ ಏನೇನು ಸೇರಿಸಿದರು ಅಂತೀರಿ! ವಡಪಳನಿಯಲ್ಲಿ ಸಿನಿಮಾದ ಟೈಟಲ್ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಮಾಡುವ ಒಂದು ಪುಟ್ಟ ಸ್ಟುಡಿಯೋ ಇತ್ತು. ಅವರು ಊಟಕ್ಕೆ ಹೋಗುವಾಗ ಯಂತ್ರಕ್ಕೆ ಕೆಲಸ ಹಚ್ಚಿ ಹೋಗುತ್ತಿದ್ದರು, ಬಂದು ನೋಡಿದರೆ ಅದು ಮುಗಿದಿರುತ್ತಲೇ ಇರಲಿಲ್ಲ. ಎದುರಿಗೆ ಕೂತಿದ್ದರೆ ಬೇಗ ಆಗುತ್ತದೆ, ಎದ್ದು ಹೋದರೆ ನಿಧಾನ. ಮಾಲೀಕರು ಕಣ್ಣು ಬಿದ್ದಿದೆ ಅಂತ ಬಾಗಿಲಲ್ಲಿ ಬೂದುಗುಂಬಳ ಒಡೆಸಿದರು, ಮಾನಿಟರಿಗೆ ನಿಂಬೆಹಣ್ಣು ಕಟ್ಟಿಸಿದರು. ನಾನು ಹೋಗಿ ಅವರ ಜೊತೆಯಲ್ಲೇ ಸುಮ್ಮನೆ ಕಾದು ಕೂತೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬಣ್ಣ ಬಣ್ಣದ ಪೈಪುಗಳು ಹುಟ್ಟಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳತೊಡಗಿದವು. ಯಂತ್ರದ ಬಲವೆಲ್ಲ ಆ ಪೈಪು ಬಿಡಿಸುವುದಕ್ಕೇ ಹೋಗುತ್ತಿತ್ತು. ಅದನ್ನು ತೆಗೆದು ಬರೀ ಕಪ್ಪು ಪರದೆ ಇಟ್ಟೆ, ಸರಿಹೋಯಿತು. ಮಾಲೀಕರು ಮಾತ್ರ ನಿಂಬೆಹಣ್ಣು ಬಿಚ್ಚಲಿಲ್ಲ. "ಅದೂ ಇರಲಿಮ್ಮಾ" ಅಂದರು.

ಕ್ರೋಂಪೇಟೆಯ ಚರ್ಮದ ವ್ಯಾಪಾರದ ಆಫೀಸೊಂದರಲ್ಲಿ ಮೀನಿನ ತೊಟ್ಟಿ ಬಂದಿತ್ತು. ಯಾರೋ ಮೇಲ್‌ನಲ್ಲಿ ಕಳಿಸಿದ ಸ್ಕ್ರೀನ್ ಸೇವರ್ ಅದು, ಬಿಟ್ಟಿ. ಮೀನು ಮನೆಗೆ ಒಳ್ಳೆಯದು ಅಂತ ಮ್ಯಾನೇಜರು ಆಫೀಸಿಗೆಲ್ಲ ಹಂಚಿಬಿಟ್ಟರು, ತಮ್ಮ ಬೀಗರಿಗೂ ಕಳಿಸಿದರು. ಮೂರು ದಿನ ಮೀನು ಚೆಂದವಾಗಿ ಈಜಿತು. ಆಮೇಲೆ ಒಂದೊಂದೇ ಫೈಲು ಮಾಯ. ನೆನಪಿಡಿ, ಸ್ಕ್ರೀನ್ ಸೇವರ್ ನೋಡುವುದಕ್ಕೆ ಚಿತ್ರ, ಒಳಗೆ ಅದೊಂದು ಪ್ರೋಗ್ರಾಂ. ಗುರುತಿಲ್ಲದವರು ಕೊಟ್ಟರೆ ಮನೆಗೆ ಸೇರಿಸಬಾರದು. ಆಫೀಸಿನಲ್ಲಿ ಅದಕ್ಕೆ ಪಾಸ್‌ವರ್ಡ್ ಹಾಕಿ, ಎದ್ದು ಹೋದಾಗ ಬೇರೆಯವರು ನಿಮ್ಮ ಕುರ್ಚಿಯಲ್ಲಿ ಕೂತು ನಿಮ್ಮ ಹೆಸರಲ್ಲಿ ಕಿತಾಪತಿ ಮಾಡದ ಹಾಗೆ. ಈಗಿನ ತೆಳು ಪರದೆಗಳು ಅಷ್ಟು ಸುಲಭಕ್ಕೆ ಸುಡುವುದಿಲ್ಲ, ಅವಕ್ಕೆ ಈ ಬೀಗವೇ ಮುಖ್ಯ, ಕೆಲಸ ಮುಗಿದರೆ ಆರಿಸಿಬಿಡುವುದು ಇನ್ನೂ ಒಳ್ಳೆಯದು. ಬೀಗದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸುವ ಮಹಾನುಭಾವರೂ ಇರುತ್ತಾರೆ, ಅವರಿಗೆ ನಾನು ಹೇಳುವಂಥದ್ದೇನಿಲ್ಲ.

ಸರಿ, ಈಗ ಗೋಪಾಲಣ್ಣನ ವಿಷಯ.

ಅಣ್ಣಾ ನಗರದಲ್ಲಿ ಐತಾಳರ ಹೋಟೆಲಿತ್ತು. ಐತಾಳರು ಕುಂದಾಪುರದ ಕಡೆಯವರು. ಅವರ ಬಿಲ್ಲಿನ ಕಂಪ್ಯೂಟರು ನನ್ನ ಲಿಸ್ಟಿನಲ್ಲಿದ್ದದ್ದರಿಂದ ಆ ಕಡೆ ಹೋದಾಗ ಊಟ ಅಲ್ಲೇ. ಗೋಪಾಲಣ್ಣ ಅಲ್ಲಿಯ ದೊಡ್ಡ ಅಡುಗೆಯವರು. ಉದ್ದಕ್ಕೆ ಗಳುವಿನ ಹಾಗೆ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಮೀಸೆ ಬರುವ ಮುಂಚೆ ಊರು ಬಿಟ್ಟು ಬಂದು ಇದೇ ಒಲೆಯ ಮುಂದೆ ನಿಂತವರು, ಮಲಗುವುದೂ ಹೋಟೆಲಿನ ಅಟ್ಟದ ಮೇಲೆ. ನನ್ನ ಮಾತು ಕೇಳಿದರೆ ಅವರಿಗೆ ನಗು. "ಎಂತ ಕನ್ನಡ ಅಮ್ಮ ನಿಮ್ಮದು? ಅರ್ಧ ಸಾರು, ಅರ್ಧ ರಸಂ" ಅನ್ನುವರು. ತಟ್ಟೆಗೆ ಇನ್ನೊಂದು ಸೌಟು ಬಡಿಸುವರು.

ಐತಾಳರಿಗೆ ಒಂದು ದೊಡ್ಡ ಆಫೀಸಿನ ಕ್ಯಾಂಟೀನ್ ಕಂಟ್ರಾಕ್ಟ್ ಸಿಕ್ಕಿತು. ಆ ಆಫೀಸಿನವರು ಅಡುಗೆಮನೆಯವರೆಲ್ಲರ ಎದೆಯ ಎಕ್ಸ್‌ರೇ ರಿಪೋರ್ಟು ಕೇಳಿದರು. ಎಲ್ಲರೂ ಹತ್ತಿರದ ಒಂದು ಸ್ಕ್ಯಾನ್ ಸೆಂಟರಿಗೆ ಹೋಗಿ ಬಂದರು. ಉಳಿದವರದೆಲ್ಲ ಚೆನ್ನಾಗಿತ್ತು. ಗೋಪಾಲಣ್ಣನದರಲ್ಲಿ ಮಾತ್ರ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಕಲೆ, ಟೀಬಿ ಇರಬಹುದು ಅಂತ ಬರೆದಿತ್ತು.

ಮುಂದಿನ ಸಲ ನಾನು ಊಟಕ್ಕೆ ಹೋದಾಗ ಸಾರಿನ ರುಚಿಯೇ ಬೇರೆ. ಗೋಪಾಲಣ್ಣ ಎಲ್ಲಿ ಅಂದೆ. ಹಿಂದೆ, ನೀರಿನ ತೊಟ್ಟಿಯ ಹತ್ತಿರ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಒಲೆಯ ಹತ್ತಿರ ಬರಕೂಡದು, ತರಕಾರಿ ಮುಟ್ಟಕೂಡದು. ಅಟ್ಟದಲ್ಲಿ ಜೊತೆಗೆ ಮಲಗುತ್ತಿದ್ದವರೆಲ್ಲ ಚಾಪೆ ಎತ್ತಿಕೊಂಡು ಕೆಳಗೆ ಬಂದಿದ್ದರು. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ, ಆದರೆ ಆಸ್ಪತ್ರೆಯವರು ಎಕ್ಸ್‌ರೇ ರಿಪೋರ್ಟು ನೋಡಿ, ಇನ್ನೊಂದು ಸಲ ಮಾಡೋಣ, ಅಲ್ಲಿಯವರೆಗೆ ಜೋಪಾನ ಅಂದಿದ್ದರು.

"ಕೆಮ್ಮು ಯಾರಿಗಿಲ್ಲ ಅಮ್ಮ?" ಅಂದರು ಗೋಪಾಲಣ್ಣ. "ದಿನಾ ಒಣಮೆಣಸಿನ ಒಗ್ಗರಣೆ ಹಾಕುವವ ಕೆಮ್ಮದೆ ಹಾಡ್ತಾನಾ? ಈಗ ನಾನು ಕೆಮ್ಮಿದ್ರೆ ಎಲ್ಲರೂ ತಿರುಗಿ ನೋಡ್ತಾರೆ."

ಈ ತಿಂಗಳು ಮುಗಿದ ಮೇಲೆ ಊರಿಗೆ ಹೋಗು ಅಂತ ಐತಾಳರು ಹೇಳಿದ್ದರಂತೆ. ನಾನು ಐತಾಳರನ್ನೇ ಕೇಳಿದೆ. ಅವರು ಗಲ್ಲಾದ ಮೇಲೆ ಕೈ ಊರಿಕೊಂಡು, "ಎಂತ ಮಾಡುದು ಅಮ್ಮ? ನನಗೆ ಅವನ ಮೇಲೆ ದ್ವೇಷ ಉಂಟಾ? ಗಿರಾಕಿಗೆ ಗೊತ್ತಾದ್ರೆ ನಾನೂ ಬಾಗಿಲು ಹಾಕಿ ಅವನ ಜೊತೆಗೇ ಬಸ್ಸು ಹತ್ತಬೇಕು" ಅಂದರು. ಅದೂ ಸುಳ್ಳಲ್ಲ.

ಗೋಪಾಲಣ್ಣ ಕಾಯಿಲೆಗೆ ಹೆದರಿದಂತೆ ಕಾಣಲಿಲ್ಲ. "ಔಷಧಿ ತಿನ್ನುವ, ಅದಕ್ಕೆಂತ. ಆದ್ರೆ ಊರಲ್ಲಿ ನನ್ನ ಗುರುತು ಹಿಡಿಯುವವರು ಯಾರಿದ್ದಾರೆ? ನನಗೆ ಗೊತ್ತಿರುದು ಈ ಒಲೆ ಒಂದೇ" ಅಂದರು. ಸಮಾಧಾನ ಹೇಳುವುದಕ್ಕೆ ನನಗೆ ಬರುವುದಿಲ್ಲ. ಏನೋ ಗೊಣಗಿ ಚೀಲ ಎತ್ತಿಕೊಂಡು ಬಂದೆ.

ಆ ಸ್ಕ್ಯಾನ್ ಸೆಂಟರೂ ನನ್ನ ಲಿಸ್ಟಿನದೇ. ನಡೆಸುವವರು ಡಾಕ್ಟರ್ ಪದ್ಮಾ, ಹಳೇ ಮದ್ರಾಸಿನ ಅಯ್ಯಂಗಾರ್ ಮನೆತನ. ಆಡಳಿತವೆಲ್ಲ ಅವರ ದೊಡ್ಡಪ್ಪ ರಂಗನಾಥನ್ ಅವರದು, ರೈಲ್ವೆಯಲ್ಲಿ ರಿಟೈರಾಗಿ ಇಲ್ಲಿ ಬಂದು ಕೂತವರು, ಹಣೆಯ ಮೇಲೆ ಉದ್ದ ನಾಮ. ಇಲ್ಲಿ ಫಿಲಂ ಇಲ್ಲ, ಎಕ್ಸ್‌ರೇ ನೇರವಾಗಿ ಕಂಪ್ಯೂಟರಿಗೆ ಬರುತ್ತಿತ್ತು. ಡಾಕ್ಟರು ಅದನ್ನು ಪರದೆಯಲ್ಲಿ ನೋಡಿ ರಿಪೋರ್ಟು ಬರೆಯುತ್ತಿದ್ದರು. ಕೇಳಿದವರಿಗೆ ಮಾತ್ರ ಅದನ್ನು ಫಿಲಂ ಮೇಲೆ ಅಚ್ಚು ಹಾಕಿ ಕೊಡುವುದು, ಉಳಿದವರ ಕೈಗೆ ಬರೀ ರಿಪೋರ್ಟು.

ಹಿಂದಿನ ವರ್ಷದ ಆಯುಧಪೂಜೆಯಂದು ಅಲ್ಲೊಂದು ರಾಮಾಯಣವಾಗಿತ್ತು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಆ ದಿನ ಎಲ್ಲ ಯಂತ್ರಕ್ಕೂ ಗಂಧ ಕುಂಕುಮ, ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ರಂಗನಾಥನ್ ಅವರು ಡಾಕ್ಟರ ಕಂಪ್ಯೂಟರಿನ ಪರದೆ ತುಂಬ ಪೆರುಮಾಳ್, ಅಂದರೆ ವಿಷ್ಣುವಿನ ಚಿತ್ರ ಹಾಕಿಸಿದ್ದರು. ಎಡಗಡೆ ಕರಿಶಿಲೆಯ ಪೆರುಮಾಳ್, ಸುತ್ತ ಜಗಜಗ ಬೆಳಕು, ಬಲಗಡೆ ಸೆಂಟರಿನ ಹೆಸರು. ಮಂಗಳಾರತಿ ಎತ್ತಿದ್ದೇ ಎತ್ತಿದ್ದು, ಯಾರೂ ಕೀಲಿಮಣೆ ಮುಟ್ಟಿಲ್ಲವಲ್ಲ, ಸ್ಕ್ರೀನ್ ಸೇವರ್ ಬಂದು ಪರದೆ ಗಪ್ಪನೆ ಕಪ್ಪಾಯಿತು. ಆರತಿಯ ಮುಂದೆ ಸ್ವಾಮಿಯೇ ಮಾಯ! ರಂಗನಾಥನ್ ಅವರು ಗಾಬರಿಯಾಗಿ ನಮ್ಮ ಆಫೀಸಿಗೆ ಫೋನು ಮಾಡಿದರು. ನನ್ನ ಮೇಲಧಿಕಾರಿ ಮುರುಗೇಶನ್ ಸಾರ್, ಅದನ್ನು ತೆಗೆದುಹಾಕುವುದು ಹೇಗೆ ಅಂತ ಫೋನಿನಲ್ಲೇ ಹೇಳಿಕೊಟ್ಟರು. ಆ ವಾರ ಸೆಂಟರಿಗೆ ಜನ ಚೆನ್ನಾಗಿ ಬಂದರಂತೆ. ಅವತ್ತಿನಿಂದ ದಿನಾ ಬಾಗಿಲು ಹಾಕುವಾಗ ಪೆರುಮಾಳ್ ಚಿತ್ರ ಹಾಕಿಟ್ಟು ಹೋಗುವುದು ಪದ್ಧತಿಯಾಯಿತು. ಬೆಳಗಿನವರೆಗೂ ಅದು ಉರಿಯುತ್ತಿರಬೇಕು.

ಮುಂದಿನ ಸಲ ಹೋದಾಗ ನೋಡಿ ನಾನು ಹೇಳಿದೆ, ಪರದೆ ಸುಡುತ್ತದೆ ಸಾರ್, ಬೇಕಾದರೆ ಅದೇ ಚಿತ್ರ ಆಚೆ ಈಚೆ ಓಡಾಡುವ ಹಾಗೆ ಮಾಡಿಕೊಡುತ್ತೇನೆ ಅಂತ.

"ಓಡಾಡೋದಾ?" ಅವರು ಕೆಂಡವಾದರು. "ಪೆರುಮಾಳನ್ನ ಚೆಂಡಿನ ಹಾಗೆ ಮೂಲೆಯಿಂದ ಮೂಲೆಗೆ ಕುಣಿಸ್ತೀಯಾಮ್ಮಾ?"

ಆಫೀಸಿಗೆ ಬಂದು ಮುರುಗೇಶನ್ ಸಾರ್ ಹತ್ತಿರ ದೂರಿದೆ. ಅವರು ಟೀ ಕುಡಿಯುತ್ತಾ, "ಸ್ವಾಮಿ ಚಿತ್ರ ತಾನೇ, ಇರಲಿ ಬಿಡು. ಸುಟ್ಟರೆ ಹೊಸ ಮಾನಿಟರ್ ಮಾರೋಣ" ಅಂದರು. ಒಳ್ಳೆಯ ಮನುಷ್ಯ, ಆದರೆ ಗಿರಾಕಿಗೆ ಇಲ್ಲ ಅನ್ನುವುದು ಅವರ ನಾಲಿಗೆಗೆ ಬಾರದು.

ಗೋಪಾಲಣ್ಣನನ್ನು ತೊಟ್ಟಿಯ ಹತ್ತಿರ ನೋಡಿ ಬಂದ ಮರುವಾರವೇ ಆ ಸೆಂಟರಿನಿಂದ ಕರೆ ಬಂತು. ಪರದೆ ಮಂಕಾಗಿದೆ, ನೋಡಿ ನೋಡಿ ಕಣ್ಣು ನೋಯುತ್ತಿದೆ ಅಂದರು ಡಾಕ್ಟರ್ ಪದ್ಮಾ. ಬೆಳಕು ಹೊಂದಿಸುವ ಮುಂಚೆ ನಾವು ಪರದೆ ತುಂಬ ಒಂದೇ ಬೂದು ಬಣ್ಣ ಹಾಕಿ ನೋಡುತ್ತೇವೆ. ಹಾಕಿದೆ. ಬೂದು ಬಣ್ಣದ ನಡುವಿನಿಂದ ಪೆರುಮಾಳ್ ಎದ್ದು ನಿಂತರು. ಕರಿಯ ಮೂರ್ತಿ ಈಗ ಬೆಳ್ಳಗೆ, ಸುತ್ತಿನ ಬೆಳಕೆಲ್ಲ ಮಂಕು. ಮುಖದ ಜಾಗವಂತೂ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ರಂಗನಾಥನ್ ಅವರು ಕೈ ಮುಗಿದುಬಿಟ್ಟರು. "ಪೆರುಮಾಳೇ! ತಾನಾಗಿಯೇ ಮೂಡಿದ್ದಾನೆ!"

"ತಾನಾಗಿ ಅಲ್ಲ ಸಾರ್, ನೀವು ಮೂಡಿಸಿದ್ದು" ಅಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಡಾಕ್ಟರು ನಮ್ಮಿಬ್ಬರ ಮಾತೂ ಕೇಳಿಸಿಕೊಳ್ಳಲಿಲ್ಲ. ಆ ಹೊಳೆಯುವ ಮುಖವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ "ಸ್ವಲ್ಪ ಜರುಗಿ" ಅಂದು ಕುರ್ಚಿಗೆ ಬಂದು ಒಂದು ಎಕ್ಸ್‌ರೇ ತೆರೆದರು. ಮೂಲೆಯಲ್ಲಿದ್ದ ಹೆಸರು ಓದಿದೆ. ಗೋಪಾಲಣ್ಣ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶ ನೋಡುವವರ ಎಡಕ್ಕೆ, ಪೆರುಮಾಳ್ ಇದ್ದ ಕಡೆಗೇ ಬರುತ್ತದೆ. ಬೇರೆಯವರ ಶ್ವಾಸಕೋಶ ಆ ಮುಖದ ಎತ್ತರಕ್ಕೆ ಬರುವುದಿಲ್ಲ, ಈ ಗಳುವಿನಂಥ ಮನುಷ್ಯನದು ಪರದೆಯ ಮೇಲಂಚಿನವರೆಗೂ ಚಾಚಿತ್ತು. ಅಲ್ಲೇ ಆ ಬಿಳಿ ಕಲೆ. ಡಾಕ್ಟರು ಮೌಸಿನಿಂದ ಎಕ್ಸ್‌ರೇಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರು. ಪಕ್ಕೆಲುಬುಗಳು ಸರಿದವು, ಶ್ವಾಸಕೋಶ ಸರಿಯಿತು. ಕಲೆ ಸರಿಯಲಿಲ್ಲ. ಇದ್ದಲ್ಲೇ ನಿಂತಿತ್ತು, ಈಗ ಚಿತ್ರದಲ್ಲಿ ಗೋಪಾಲಣ್ಣನ ತೋಳಿನ ಮೇಲೆ.

ಅದೇ ಎಕ್ಸ್‌ರೇಯನ್ನು ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ತೆಗೆದರು. ಸ್ವಚ್ಛ, ಒಂದು ಚುಕ್ಕೆ ಇಲ್ಲ.

ರಂಗನಾಥನ್ ಅವರಿಗೆ ಅರ್ಥವಾಯಿತು. ಮುಖ ಇಳಿದುಹೋಯಿತು. "ಪದ್ಮಾ, ಇದು ಹೊರಗೆ ಹೋದರೆ ಸೆಂಟರಿನ ಹೆಸರು..." ಅಂದರು.

"ಹೋಗಲಿ ಪೆರಿಯಪ್ಪ" ಅಂದರು ಡಾಕ್ಟರು. "ಬರೆದವಳು ನಾನು. ಕೈ ಹಾಕಿ ಸರಿಸಿ ನೋಡಬೇಕಿತ್ತು, ನೋಡಲಿಲ್ಲ." ಆ ಪರದೆಯಲ್ಲಿ ನೋಡಿದ ಹಿಂದಿನವರ ಎಕ್ಸ್‌ರೇಗಳನ್ನೆಲ್ಲ ಅವರು ಮತ್ತೆ ಬೇರೆ ಪರದೆಯಲ್ಲಿ ನೋಡಿದರು, ಕೆಲವರನ್ನು ಕರೆಸಿದರು. ಅದರ ವಿವರ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಗೋಪಾಲಣ್ಣನನ್ನು ಬೇರೆ ಕಡೆ ಕಳಿಸಿ ಹಳೇ ಥರದ ಫಿಲಂ ತೆಗೆಸಿದರು. ಅದೂ ಸ್ವಚ್ಛ. ತಪ್ಪಾಗಿತ್ತು ಅಂತ ತಮ್ಮ ಕೈಯಲ್ಲೇ ಬರೆದು ಐತಾಳರಿಗೆ ಕಳಿಸಿದರು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಅಂತ ತಾನೇ ನೀವು ಅಂದುಕೊಳ್ಳುವುದು? ನಾನೂ ಹಾಗೇ ಅಂದುಕೊಂಡು ಮರುದಿನ ಊಟಕ್ಕೆ ಹೋದೆ. ಗೋಪಾಲಣ್ಣ ಇನ್ನೂ ತೊಟ್ಟಿಯ ಹತ್ತಿರವೇ.

"ಮೊದಲು ಉಂಟು ಅಂದ್ರು, ಈಗ ಇಲ್ಲ ಅಂತಾರೆ" ಅಂದರು ಐತಾಳರು. "ನಾನು ನಂಬಿದೆ ಅಂತಲೇ ಇಟ್ಕೊಳ್ಳಿ, ಒಳಗಿನವರು ನಂಬುದಿಲ್ಲ ಅಲ್ಲ? ಅವ ಒಲೆಗೆ ಬಂದ್ರೆ ನಾವು ಹೋಗ್ತೇವೆ ಅಂತ ಕೂತಿದ್ದಾರೆ."

ನನಗೆ ತಲೆ ಕೆಟ್ಟುಹೋಯಿತು. ಸೀದಾ ಸೆಂಟರಿಗೆ ನಡೆದು ಡಾಕ್ಟರಿಗೆ ಹೇಳಿದೆ. ಅವರು ರೋಗಿಗಳನ್ನು ಮುಗಿಸಿ, ಬಿಳಿ ಕೋಟು ಬಿಚ್ಚಿಟ್ಟು, "ಬನ್ನಿ" ಅಂದರು. ಮಡಿ ಮೈಲಿಗೆಯ ಮನೆಯವರು, ಹೊರಗೆ ಹನಿ ನೀರು ಮುಟ್ಟದವರು, ಕುಡಿಯುವ ನೀರನ್ನೂ ಮನೆಯಿಂದಲೇ ತರುತ್ತಿದ್ದರು. ಆ ಹೋಟೆಲಿನ ಮೆಟ್ಟಿಲನ್ನು ಅವರು ಅದುವರೆಗೆ ಹತ್ತಿರಲಿಲ್ಲ.

ಐತಾಳರು ಗಡಬಡಿಸಿ ಎದ್ದು ಕುರ್ಚಿ ಒರೆಸಿದರು. ಡಾಕ್ಟರು ಕೂರಲಿಲ್ಲ. ಸೀದಾ ಅಡುಗೆಮನೆ ದಾಟಿ ಹಿಂದಕ್ಕೆ ಹೋದರು. ಒಳಗಿನವರೆಲ್ಲ ಕೈಕೆಲಸ ಬಿಟ್ಟು ನೋಡುತ್ತಿದ್ದರು. ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಒಂದು ತಟ್ಟೆ, ಒಂದು ಲೋಟ ಬೇರೆಯಾಗಿ ಬೋರಲು ಹಾಕಿತ್ತು. ಯಾರದು ಅಂತ ಅವರು ಕೇಳಬೇಕಾಗಲಿಲ್ಲ.

"ನಿಮ್ಮ ಕೈಯ ಕಾಫಿ ಕುಡಿಯೋಣ ಅಂತ ಬಂದೆ" ಅಂದರು ತಮಿಳಿನಲ್ಲಿ. "ಆ ಲೋಟದಲ್ಲೇ ಕೊಡಿ."

ಗೋಪಾಲಣ್ಣ ಎದ್ದು ನಿಂತರು. ಲೋಟವನ್ನು ನೋಡಿದರು, ನನ್ನನ್ನು ನೋಡಿದರು. "ಅದು ನನ್ನ ಎಂಜಲ ಲೋಟ ಅಮ್ಮ" ಅಂದರು.

"ಗೊತ್ತು" ಅಂದರು ಡಾಕ್ಟರು.

ಗೋಪಾಲಣ್ಣ ಒಳಗೆ ಬಂದರು, ತಲೆ ಬಗ್ಗಿಸಿಕೊಂಡು. ಒಲೆಯ ಮುಂದಿದ್ದವರು ದೂರ ಸರಿದರು. ಅವರು ಹಾಲು ಕಾಯಿಸಿದರು, ಡಿಕಾಕ್ಷನ್ ಸುರಿದರು. ಡಾಕ್ಟರು ಅಲ್ಲೇ ನಿಂತು, ಲೋಟವನ್ನು ಎತ್ತಿ ಸುರಿದುಕೊಳ್ಳದೆ, ಅಂಚಿಗೆ ತುಟಿ ಇಟ್ಟು ಕುಡಿದರು. ಪೂರ್ತಿ ಕುಡಿದರು. ಎಲ್ಲರಿಗೂ ಕಾಣುವ ಹಾಗೆ. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ.

"ಸಕ್ಕರೆ ಜಾಸ್ತಿ ಆಯ್ತಾ?" ಅಂತ ಕೇಳಿದರು ಗೋಪಾಲಣ್ಣ.

"ಸ್ವಲ್ಪ" ಅಂದರು ಅವರು.

ಐತಾಳರು ಒಲೆಯ ಕಡೆ ನೋಡಿದರು. "ಗೋಪಾಲ, ಸಂಜೆಯ ಸಾಂಬಾರಿಗೆ ಬೇಳೆ ಹಾಕು" ಅಂದು ಗಲ್ಲಾದ ಕಡೆಗೆ ಹೊರಟುಬಿಟ್ಟರು. ಗೋಪಾಲಣ್ಣ ಆ ಲೋಟವನ್ನು ತೊಳೆದರು. ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಕಟ್ಟೆಯ ಕಡೆ ಹೋಗದೆ, ಗಿರಾಕಿಗಳ ಲೋಟಗಳ ರಾಶಿಯಲ್ಲಿ ಅದನ್ನೂ ಇಟ್ಟರು. ಯಾರೂ ತೆಗೆದು ಬೇರೆ ಇಡಲಿಲ್ಲ.